59 ಎಂದು ಬರೆದ ಸುಳ್ಳು

ಮೊನ್ನೆ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಕುಷ್ಟಗಿ ಕಡೆ ಇರುತ್ತಾನೆ, ಬಿ.ಎಸ್ಸಿ. ಓದುತ್ತಿದ್ದಾನೆ. "ಅಕ್ಕಾ, ನಿನ್ನ ಕೆಮಿಸ್ಟ್ರಿ ರೆಕಾರ್ಡ್ ಇನ್ನೂ ಐತೇನು? ಇಡಿಟಿಎ ಪ್ರಯೋಗದ ರೀಡಿಂಗ್ ಅಷ್ಟು ಫೋಟೊ ಹೊಡೆದು ಕಳಿಸು" ಅಂದ. ವಿಧಾನ ಬೇಡವಂತೆ. ರೀಡಿಂಗ್ ಸಾಕಂತೆ.

ಅಟ್ಟದ ಮೇಲಿನ ಟ್ರಂಕಿನಲ್ಲಿ ರೆಕಾರ್ಡ್ ಸಿಕ್ಕಿತು. ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಅಂತ ಅಳೆಯುವ ಪ್ರಯೋಗ. ಬ್ಯುರೆಟ್ ಅನ್ನುವ ಗೆರೆ ಹಾಕಿದ ಗಾಜಿನ ಕೊಳವೆಯಿಂದ ಇಡಿಟಿಎ ದ್ರಾವಣವನ್ನು ನೀರಿನ ಬಣ್ಣ ತಿರುಗುವವರೆಗೆ ಹನಿಹನಿಯಾಗಿ ಬಿಡಬೇಕು, ಅದೇ ಟೈಟ್ರೇಷನ್. ಎಷ್ಟು ಹಿಡಿಯಿತೋ ಅದು ರೀಡಿಂಗ್. ಮೂರು ಸಲ ಟೈಟ್ರೇಷನ್, ಮೂರೂ ಸಲ 12.4 ಮಿ.ಲೀ. ಕೆಳಗೆ ಕೆಂಪು ಶಾಯಿಯಲ್ಲಿ 'ಗುಡ್'. ಆ ಮೂರರಲ್ಲಿ ಒಂದನ್ನೂ ನಾನು ಬ್ಯುರೆಟ್ಟಿನಲ್ಲಿ ಕಣ್ಣಾರೆ ಕಂಡಿಲ್ಲ. ಸೀನಿಯರ್ ರೆಕಾರ್ಡಿನಿಂದ ಬಂದದ್ದು. ಅವರಿಗೆ ಅವರ ಸೀನಿಯರ್‌ನಿಂದ. ಒಂದು ಊರಿನ ನೀರು ಇಷ್ಟು ವರ್ಷ ಒಂದು ಹನಿಯೂ ಬದಲಾಗದೆ ಇದ್ದಿದ್ದು ನಮ್ಮ ಕಾಲೇಜಿನ ರೆಕಾರ್ಡ್‌ಗಳಲ್ಲಿ ಮಾತ್ರ.

ಇದಕ್ಕೆ ನಾವು 'ರೀಡಿಂಗ್ ಕೂಡಿಸೋದು' ಅನ್ನುತ್ತಿದ್ದೆವು. ಉತ್ತರ ಗೊತ್ತಿರುತ್ತದೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದು ಟೇಬಲ್ ತುಂಬುವುದು. ಚೆನ್ನಾಗಿ ಕೂಡಿಸುವವರು ಎರಡನೇ ಸಾಲಿನಲ್ಲಿ ಬೇಕಂತಲೇ 12.5 ಬರೆಯುತ್ತಿದ್ದರು, ನಿಜ ಅನ್ನಿಸಲಿ ಅಂತ. ನನಗೆ ಆ ಜಾಣತನವೂ ಇರಲಿಲ್ಲ.

ಕಾಲೇಜಿನ ಹೆಸರು ಬೇಡ. ಮೇಷ್ಟ್ರನ್ನು ಬೈಯುವ ಮನಸ್ಸೂ ಇಲ್ಲ. ನಲವತ್ತು ಜನಕ್ಕೆ ಆರು ಬ್ಯುರೆಟ್, ಅದರಲ್ಲಿ ಎರಡು ಸೋರುತ್ತಿದ್ದವು. ಬಣ್ಣ ತೋರಿಸುವ ಇಂಡಿಕೇಟರ್ ಯಾವ ಕಾಲದ್ದೋ. ಕೆಂಪಿನಿಂದ ನೀಲಿಗೆ ತಿರುಗಬೇಕಾದದ್ದು ನೇರಳೆಯಲ್ಲೇ ನಿಂತುಬಿಡುತ್ತಿತ್ತು. ಒಂದು ದಿನ ಬರೀ ಡಿಸ್ಟಿಲ್ಡ್ ವಾಟರಿಗೆ ಬಫರ್, ಇಂಡಿಕೇಟರ್ ಹಾಕಿ ನೋಡಿದೆ. ಶುದ್ಧ ನೀರಾದರೆ ನೀಲಿ ಬರಬೇಕು. ಮದುವೆ ಮನೆಯ ಶರಬತ್ತಿನ ಹಾಗೆ ಕೆಂಪಗಾಯಿತು. ಅಟೆಂಡರ್ ಅಣ್ಣ ನಕ್ಕು, "ಅದು ಟ್ಯಾಂಕಿನ ನೀರವ್ವ, ಡಬ್ಬದ ಮ್ಯಾಲಷ್ಟ ಡಿಸ್ಟಿಲ್ಡ್" ಅಂದರು. ನಾನೂ ನಕ್ಕೆ. ಆಮೇಲೆ 12.4 ಬರೆದೆ.

ಎಂ.ಎಸ್ಸಿ.ಗೆ ರಾಯಚೂರಿಗೆ ಬಂದೆ. ಪ್ರಾಜೆಕ್ಟ್ ವಿಷಯ ನಮ್ಮ ಕಡೆಯದೇ: ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಕೊಪ್ಪಳ ಜಿಲ್ಲೆಯ ಊರುಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂದು ಗೆರೆಯ ಹಲ್ಲು, ಫೋಟೊಗೆ ಬಾಯಿ ಮುಚ್ಚಿ ನಗುವ ಹುಡುಗಿಯರು. ನಾನೂ ಹಾಗೆಯೇ ನಗುತ್ತಿದ್ದೆ.

ಫ್ಲೋರೈಡ್ ಅಳೆಯಲು ಒಂದು ಎಲೆಕ್ಟ್ರೋಡ್ ಇದೆ, ನೀರಿನಲ್ಲಿ ಅದ್ದಿದರೆ ಫ್ಲೋರೈಡ್ ಎಷ್ಟಿದೆಯೋ ಅದಕ್ಕೆ ತಕ್ಕ ವೋಲ್ಟೇಜ್ ಮೀಟರಿನಲ್ಲಿ ಕಾಣುತ್ತದೆ. ತುದಿಯಲ್ಲಿ ಲ್ಯಾಂಥನಮ್ ಫ್ಲೋರೈಡಿನ ಸಣ್ಣ ಹರಳು. 1966ರಲ್ಲಿ ಅಮೆರಿಕದ ಫ್ರಾಂಟ್ ಮತ್ತು ರಾಸ್ ಇದನ್ನು ಪ್ರಕಟಿಸಿದರು. ನೀರಿನ ಸ್ಯಾಂಪಲ್ ಅಳೆಯುವ ಮೊದಲು ಎಲೆಕ್ಟ್ರೋಡ್ ಸರಿ ಇದೆಯಾ ಅಂತ ನೋಡಬೇಕು. ಲೀಟರಿಗೆ 1 ಮಿ.ಗ್ರಾಂ. ಫ್ಲೋರೈಡ್ ಇರುವ ದ್ರಾವಣ ಒಂದು, 10 ಮಿ.ಗ್ರಾಂ. ಇರುವುದು ಇನ್ನೊಂದು. ಎರಡರ ನಡುವೆ 59 ಮಿಲಿವೋಲ್ಟ್ ವ್ಯತ್ಯಾಸ ಬರಬೇಕು ಅಂತ ಪುಸ್ತಕದಲ್ಲಿತ್ತು.

ನನಗೆ 62 ಬಂತು. ಮತ್ತೆ ಮಾಡಿದೆ, ಮತ್ತೆ 62ರ ಹತ್ತಿರ. ಹೊಸ ದ್ರಾವಣ ಮಾಡಿಕೊಂಡೆ. ಅದೂ ಅಷ್ಟೇ. ಮೇ ತಿಂಗಳು, ಕರೆಂಟ್ ಹೋಗಿತ್ತು. ಮೀಟರ್ ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ಫ್ಯಾನ್ ಇಲ್ಲ. ಹಣೆಯ ಬೆವರು ನೋಟ್‌ಬುಕ್ಕಿನ ಮೇಲೆ ಬೀಳುತ್ತಿತ್ತು. ಸಾಯಂಕಾಲ ಪ್ರಾಜೆಕ್ಟ್ ಗೈಡ್‌ಗೆ ತೋರಿಸಬೇಕು. ಕೈ ತಾನಾಗಿಯೇ 59.2 ಎಂದು ಬರೆಯಿತು. ಮೂರು ವರ್ಷದ ಅಭ್ಯಾಸ ನೋಡಿ.

ಗೈಡ್ ಆ ಪುಟ ನೋಡಿದರು. ಬೈಯಲಿಲ್ಲ. "ಲ್ಯಾಬಿನಲ್ಲಿ ಎಷ್ಟು ಡಿಗ್ರಿ ಇತ್ತು?" ಅಂತ ಕೇಳಿದರು. ಥರ್ಮಾಮೀಟರ್ ನೋಡಿ ಬಂದೆ, 39. "ಪುಸ್ತಕದ 59 ಇರೋದು 25 ಡಿಗ್ರಿಗೆ. ಕೆಲ್ವಿನ್‌ಗೆ ತಿರುಗಿಸು, 273 ಸೇರಿಸು. 59.16ನ್ನು 298ರಿಂದ ಭಾಗಿಸು, 312ರಿಂದ ಗುಣಿಸು" ಅಂದರು.

61.9.

ಎಲೆಕ್ಟ್ರೋಡಿನ ವೋಲ್ಟೇಜ್ ಲೆಕ್ಕ ಹಾಕುವ ನರ್ನ್ಸ್ಟ್ ಸಮೀಕರಣ ನನಗೆ ಬಾಯಿಪಾಠ ಇತ್ತು. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದಿದ್ದೆ. ಅದರಲ್ಲಿ 'ಟಿ' ಅಂತ ಒಂದು ಅಕ್ಷರ ಇದೆ, ಅದು ಉಷ್ಣತೆ ಅಂತಲೂ ಗೊತ್ತಿತ್ತು. ಆ ಅಕ್ಷರ ಅಂದರೆ ರಾಯಚೂರಿನ ಈ ಸುಡು ಬಿಸಿಲು, ನನ್ನ ಹಣೆಯ ಮೇಲಿನ ಈ ಬೆವರು ಅಂತ ಮಾತ್ರ ಹೊಳೆದಿರಲಿಲ್ಲ. "ಈ ಲ್ಯಾಬಿನಲ್ಲಿ ಈ ಹೊತ್ತಿನಲ್ಲಿ 59 ಬಂದಿದ್ದರೆ ನಾನು ಎಲೆಕ್ಟ್ರೋಡ್ ಮೇಲೆ ಅನುಮಾನ ಪಡುತ್ತಿದ್ದೆ" ಅಂದರು ಗೈಡ್. ಅನುಮಾನ ಯಾರ ಮೇಲೆ ಅಂತ ಇಬ್ಬರಿಗೂ ಗೊತ್ತಿತ್ತು. ನಾನು ಅಲ್ಲೇ ನಿಂತು ಆ ಸಂಖ್ಯೆ ಹೊಡೆದುಹಾಕಿ ನಿಜವಾದ ಮೂರನ್ನೂ ಬರೆದೆ. ಸ್ಟ್ಯಾಂಡರ್ಡ್ (ಫ್ಲೋರೈಡ್ ಎಷ್ಟೆಂದು ಮೊದಲೇ ಗೊತ್ತಿರುವ ದ್ರಾವಣ) ಮತ್ತು ಸ್ಯಾಂಪಲ್ ಎರಡನ್ನೂ ಒಂದೇ ಉಷ್ಣತೆಯಲ್ಲಿ ಅಳೆಯಬೇಕು ಅನ್ನುವುದನ್ನು ಆಮೇಲೆ ಯಾರೂ ನನಗೆ ಹೇಳಿಕೊಡಬೇಕಾಗಲಿಲ್ಲ.

ಸ್ಯಾಂಪಲ್ ತರುವುದು ಬೇರೆಯದೇ ಪುರಾಣ. ಪ್ಲಾಸ್ಟಿಕ್ ಬಾಟಲಿಗಳ ಚೀಲ ನೋಡಿ ಬಸ್ ಕಂಡಕ್ಟರ್, "ಏನವ್ವಾ, ಊರ ನೀರು ಬಿಟ್ಟು ಇರಾಕ ಆಗಂಗಿಲ್ಲೇನು?" ಅಂದಿದ್ದರು. ಲಗೇಜ್ ಚೀಟಿ ಹರಿಯಲಿಲ್ಲ, ಪುಣ್ಯಾತ್ಮ.

ಒಂದು ಊರಿನಲ್ಲಿ ಎರಡು ಬೋರ್ ಇದ್ದವು. ಒಂದರದು ಸವುಳು ನೀರು, ಯಾರೂ ಬಾಯಿಗೆ ಹಾಕುತ್ತಿರಲಿಲ್ಲ. ಇನ್ನೊಂದರ ಮುಂದೆ ಕೊಡಗಳ ಸಾಲು. "ಇದರಾಗ ಬ್ಯಾಳಿ ಲಗೂ ಬೇಯ್ತದ, ಸಬಕಾರ ನೊರಿ ಬರ್ತದ" ಅಂತ ಅಜ್ಜಿಯೊಬ್ಬರು ಹೇಳಿದರು. ಎರಡರದ್ದೂ ತಂದು ಅಳೆದೆ. ಕೊಡಗಳ ಸಾಲಿದ್ದ ಬೋರಿನಲ್ಲೇ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರು ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಇದು ಎರಡನ್ನೂ ದಾಟಿತ್ತು.

ಈ ಸಲ ರೀಡಿಂಗ್ ತಪ್ಪಿದೆ ಅನ್ನಿಸಿದರೂ ಕೂಡಿಸಲು ಹೋಗಲಿಲ್ಲ. ಎರಡು ನೀರಿನ ಗಡಸುತನವನ್ನೂ ಅಳೆದೆ. ಅದೇ ಇಡಿಟಿಎ, ಈ ಸಲ ನಿಜವಾಗಿಯೂ. ಆಗ ಅರ್ಥವಾಯಿತು. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ಗಟ್ಟಿ ಮಾಡಿ ಕೆಳಗೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಮ್ಮಿಯಾದರೆ ಕಲ್ಲಿನಿಂದ ಬಿಟ್ಟ ಫ್ಲೋರೈಡ್ ನೀರಿನಲ್ಲೇ ಉಳಿದುಬಿಡುತ್ತದೆ. ಬೇಳೆ ಬೇಗ ಬೇಯುವುದೂ ನೊರೆ ಬರುವುದೂ ಕ್ಯಾಲ್ಸಿಯಂ ಕಮ್ಮಿ ಇರುವುದರಿಂದಲೇ. ಎಲ್ಲ ಕಡೆ ಹೀಗೆಯೇ ಅಂತಲ್ಲ, ಆದರೆ ನಮ್ಮ ಕಡೆಯ ಕಲ್ಲುನೆಲದಲ್ಲಿ ಇಂಥ ಮೆತ್ತನೆ ನೀರನ್ನು ನಾಲಿಗೆ ನಂಬಿ ಕುಡಿಯಬಾರದು. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ.

ನಾನು ಎರಡೂ ಬೋರಿಗೆ 12.4 ಬರೆದಿದ್ದರೆ? ಇದೊಂದೂ ಕಾಣುತ್ತಿರಲಿಲ್ಲ.

ಫಲಿತಾಂಶ ಹೇಳಲು ಹೋದಾಗ ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಅದೆಲ್ಲಾ ಇರಲಿ, ನಾಳಿಂದ ಯಾವುದು ಕುಡೀಲಿ?" ಅಂದರು. ಪಂಚಾಯಿತಿಗೆ ಒಂದು ಹಾಳೆ ಕೊಟ್ಟು ಬಂದೆ. ಅದಕ್ಕಿಂತ ದೊಡ್ಡದು ನನ್ನ ಕೈಲಾಗಲಿಲ್ಲ. ಪ್ರಾಜೆಕ್ಟಿಗೆ ಒಳ್ಳೆಯ ಗ್ರೇಡ್ ಬಂತು. ಆ ಅಜ್ಜಿಯ ಪ್ರಶ್ನೆಗೆ ಅದು ಉತ್ತರ ಅಲ್ಲ ಅಲ್ವಾ?

ನಮ್ಮ ಕಡೆ ಲ್ಯಾಬ್ ಇಲ್ಲ, ಉಪಕರಣ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಇಲ್ಲ. ಆದರೆ ಗಡಸುತನ ಅಳೆಯಲು ಬೇಕಾದದ್ದು ಒಂದು ಬ್ಯುರೆಟ್, ಇಡಿಟಿಎ, ಬಫರ್, ತಾಜಾ ಇಂಡಿಕೇಟರ್, ಟ್ಯಾಂಕಿನದಲ್ಲದ ಡಿಸ್ಟಿಲ್ಡ್ ವಾಟರ್. ಪ್ರತಿ ಹುಡುಗ, ಹುಡುಗಿ ಮನೆಯ ನೀರು ಒಂದು ಬಾಟಲಿ ತಂದರೆ ನಲವತ್ತು ಊರಿನ ನಲವತ್ತು ಉತ್ತರ ಬರುತ್ತವೆ. ಯಾರ ರೆಕಾರ್ಡೂ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಹಾಗೆ ಮಾಡಲು ಹೊಸ ಕಟ್ಟಡ ಬೇಕಿಲ್ಲ. ಉತ್ತರ ಮೊದಲೇ ಗೊತ್ತಿರದ ಪ್ರಯೋಗಕ್ಕೆ ಅಂಕ ಕೊಡುವ ಧೈರ್ಯ ಬೇಕು. ಈಗ ಇಲ್ಲದಿರುವುದು ಅದು.

ತಮ್ಮನಿಗೆ ವಿಧಾನದ ಪುಟಗಳನ್ನು ಮಾತ್ರ ಕಳಿಸಿದೆ. ರೀಡಿಂಗ್ ಪುಟ ಕಳಿಸಲಿಲ್ಲ. "ಮನೆ ಬೋರಿನ ನೀರು ಒಯ್ದು ಮಾಡು, ಮೊದಲು ಡಿಸ್ಟಿಲ್ಡ್ ವಾಟರ್ ನೀಲಿ ಬರ್ತದೋ ನೋಡು" ಅಂತ ಬರೆದೆ.

"ಮಾಡ್ತೀನಿ ಅಕ್ಕಾ. ಆದ್ರ ಎಕ್ಸ್‌ಟರ್ನಲ್ ಎಕ್ಸಾಮಿನರ್ ಬಂದು 12.4 ಯಾಕಿಲ್ಲ ಅಂತ ಕೇಳಿದ್ರ ಏನ್ ಹೇಳ್ಲಿ?" ಅಂತ ಕೇಳಿದ್ದಾನೆ. 12.4 ಬರೆದು 'ಗುಡ್' ಹಾಕಿಸಿಕೊಂಡವಳು ನಾನು. ಎರಡು ದಿನವಾಯಿತು, ಅವನಿಗೆ ಇನ್ನೂ ಉತ್ತರ ಕಳಿಸಿಲ್ಲ.