ಎಲ್ಲ ಮುಗಿದಿದೆ, ನೀರೊಂದು ಬಾಕಿ

ಬೆಂಗಳೂರಿನಲ್ಲಿ ಒಂದು ಕೆರೆ ಅಭಿವೃದ್ಧಿ ಆಗಿದೆಯೋ ಇಲ್ಲವೋ ಎಂದು ತಿಳಿಯಲು ನೀರನ್ನು ನೋಡುವ ಅಗತ್ಯವಿಲ್ಲ. ಗೇಟು ನೋಡಿದರೆ ಸಾಕು. ಗೇಟಿಗೊಂದು ಕಮಾನು, ಕಮಾನಿನ ಪಕ್ಕ ಗ್ರಾನೈಟ್ ಫಲಕ, ಫಲಕದಲ್ಲಿ ಆರೇಳು ಗಣ್ಯರ ಹೆಸರು, ಅದರ ಕೆಳಗೆ ಅಂದಾಜು ಮೊತ್ತ. ಒಳಗೆ ಹೋದರೆ ಕಾಂಕ್ರೀಟ್ ಬ್ಲಾಕು ಹಾಸಿದ ವಾಕಿಂಗ್ ಪಾತ್, ತಂತಿ ಬೇಲಿ, ಬಯಲು ಜಿಮ್ಮು, ಸಿಮೆಂಟಿನ ಎರಡು ಕೊಕ್ಕರೆ. ಆಕಾಶದಲ್ಲಿ ಹೋಗುವ ನಿಜವಾದ ಕೊಕ್ಕರೆ ಇವನ್ನು ಕಂಡು, ‘ನಮ್ಮವರು ನಿಂತಿದ್ದಾರೆ, ಊಟಕ್ಕೇನೋ ಇರಬೇಕು’ ಎಂದು ಇಳಿದರೆ ಅದರ ಹಣೆಬರಹ.

ಕೆರೆ ಉಳಿಸುವ ಸಭೆಗಳಲ್ಲಿ ಚರ್ಚೆಗೇನೂ ಬರವಿಲ್ಲ. ವಾಕಿಂಗ್ ಪಾತ್ 3 ಮೀಟರ್ ಸಾಕೋ 5 ಬೇಕೋ ಎಂಬುದಕ್ಕೆ ಅರ್ಧ ಗಂಟೆ. ಗೇಟು ಬೆಳಿಗ್ಗೆ 5ಕ್ಕೆ ತೆರೆಯಬೇಕೋ 6ಕ್ಕೋ ಎಂಬುದಕ್ಕೆ ಇನ್ನರ್ಧ ಗಂಟೆ. ಹಕ್ಕಿ ನೋಡುವವರಿಗೆ ನಡುಗಡ್ಡೆ ಬೇಕು, ದೇವಸ್ಥಾನದವರಿಗೆ ಗಣಪತಿ ಬಿಡಲು ಕಲ್ಯಾಣಿ ಬೇಕು, ಮೀನು ಹಿಡಿಯುವ ಗುತ್ತಿಗೆದಾರನಿಗೆ ಗೇಟಿನ ಇನ್ನೊಂದು ಬೀಗದ ಕೈ ಬೇಕು, ಅಪಾರ್ಟ್‌ಮೆಂಟಿನವರಿಗೆ ಲೇಕ್ ವ್ಯೂ ಬೇಕು ಆದರೆ ಸೊಳ್ಳೆ ಬೇಡ. ಎಲ್ಲರ ಪರವಾಗಿಯೂ ಒಬ್ಬೊಬ್ಬರು ಕೂತಿರುತ್ತಾರೆ. ನೀರಿನ ಪರವಾಗಿ ಯಾರೂ ಇರುವುದಿಲ್ಲ. ಅದಕ್ಕೆ ಮತದಾರರ ಗುರುತಿನ ಚೀಟಿ ಇಲ್ಲ.

ಹೀಗಾಗಿ ನೀರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ‘ಇತರೆ ವಿಷಯಗಳು, ಅಧ್ಯಕ್ಷರ ಅನುಮತಿ ಮೇರೆಗೆ’ ಎಂಬ ಕಡೆಯ ಸಾಲಿಗೆ ಬೀಳುತ್ತದೆ. ಅಷ್ಟು ಹೊತ್ತಿಗೆ ಬೋಂಡಾ ಬಂದಿರುತ್ತದೆ.

ಹಿಂದಿನವರಿಗೆ ಸಭೆ ನಡೆಸುವುದು ಗೊತ್ತಿರಲಿಲ್ಲ, ಪಾಪ. ಕೆರೆಗೆ ಏರಿ ಹಾಕಿದ್ದು ಒಂದೇ ಕಡೆ, ತಗ್ಗಿನ ಕಡೆ. ಮೇಲ್ಗಡೆ ಬಯಲಾಗಿಯೇ ಬಿಟ್ಟಿದ್ದರು, ನೀರು ಬರುವುದು ಅಲ್ಲಿಂದಲೇ ಆದ್ದರಿಂದ. ಏರಿಯ ಮಗ್ಗುಲಲ್ಲಿ ಕೋಡಿ, ತಳದಲ್ಲಿ ತೂಬು. ಕೋಡಿ ಹರಿದ ನೀರು ಕೆಳಗಿನ ಕೆರೆಗೆ, ತೂಬಿನ ನೀರು ಅಚ್ಚುಕಟ್ಟಿನ ಗದ್ದೆಗೆ, ತೂಬು ಎತ್ತಿ ಇಳಿಸುವ ಅಧಿಕಾರ ನೀರಗಂಟಿಗೆ. ಈ ಊರಿನಲ್ಲಿ ತುಂಬಿ ಹರಿಯುವ ನದಿಯಿಲ್ಲ, ಇರುವುದು ದಿಣ್ಣೆ ಮತ್ತು ಮೂರು ಕಣಿವೆ: ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ. ಕಣಿವೆಯುದ್ದಕ್ಕೂ ಕೆರೆಗಳನ್ನು ಮೆಟ್ಟಿಲಿನಂತೆ ಕಟ್ಟಿ, ಒಂದರ ಕೋಡಿಯನ್ನು ಇನ್ನೊಂದರ ಬಾಯಿಗೆ ಸೇರಿಸಿದ್ದರು. ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಕೂಡ ಇರಲಿಲ್ಲ.

ಈಗ ಡಿಪಿಆರ್ ಇದೆ. ಅದರ ಪ್ರಕಾರ ಕೆರೆಯ ನಾಲ್ಕೂ ಕಡೆ ಏರಿ ಹಾಕಲಾಗುತ್ತದೆ. ಇದರ ಹೆಸರು ರಿಂಗ್ ಬಂಡ್. ಯಾಕೆ ನಾಲ್ಕೂ ಕಡೆ? ಒಂದು, ಒತ್ತುವರಿಯವರು ಒಳಗೆ ಬರಬಾರದೆಂದು. ಎರಡು, ವಾಕಿಂಗ್ ಮಾಡುವವರು ಅರ್ಧ ಸುತ್ತಿ ವಾಪಸ್ ಬರಲು ಒಪ್ಪುವುದಿಲ್ಲ, ಪ್ರದಕ್ಷಿಣೆ ಪೂರ್ತಿಯಾಗಬೇಕು. ಮೂರನೆಯದು ಯಾರೂ ಬಾಯಿಬಿಟ್ಟು ಹೇಳದ್ದು: ಎತ್ತಿದ ಹೂಳನ್ನು ಇಪ್ಪತ್ತು ಕಿಲೋಮೀಟರ್ ಆಚೆ ಸಾಗಿಸುವುದಕ್ಕಿಂತ ಅಲ್ಲೇ ಅಂಚಿಗೆ ಗುಡ್ಡೆ ಹಾಕಿ ಮೇಲೆ ರೋಲರ್ ಓಡಿಸುವುದು ಸುಲಭ. ಹೀಗೆ ತಟ್ಟೆಯಂತಿದ್ದ ಕೆರೆ ಸೂಪಿನ ಬಟ್ಟಲಾಗುತ್ತದೆ. ಕಣಕಾಲಿನಷ್ಟು ನೀರಿನಲ್ಲಿ ನಿಂತು ತಿನ್ನುವ ಹಕ್ಕಿಗೆ ನಿಲ್ಲಲು ಜಾಗವಿಲ್ಲ, ಏಕೆಂದರೆ ಅಂಚಿನಲ್ಲೇ ಆಳ. ಮೇಲ್ಗಡೆಯಿಂದ ಬರುವ ಮಳೆನೀರು ಹೊಸ ಏರಿಗೆ ಬಡಿದು, ಒಳಗೆ ಬರಲು ಬಿಟ್ಟಿರುವ ಎರಡಡಿ ಪೈಪಿನ ಮುಂದೆ ಪ್ಲಾಸ್ಟಿಕ್ ಕವರುಗಳ ಜೊತೆ ಕ್ಯೂ ನಿಂತು, ಸಾಕಾಗಿ ಪಕ್ಕದ ಲೇಔಟಿನ ಬೇಸ್‌ಮೆಂಟಿಗೆ ಹೋಗುತ್ತದೆ. ಮಾರನೇ ದಿನ ಪತ್ರಿಕೆಯಲ್ಲಿ ‘ಮನೆಗೆ ನುಗ್ಗಿದ ನೀರು’ ಎಂದು ಬರುತ್ತದೆ. ನೀರು ನುಗ್ಗಿದ್ದಲ್ಲ, ಅದರ ಮನೆಗೆ ನಾವು ಬೀಗ ಹಾಕಿದ್ದು.

ಹೂಳಿನ ಲೆಕ್ಕವೂ ಸ್ವಾರಸ್ಯದ್ದು. ನೂರು ಎಕರೆ ಕೆರೆಯಲ್ಲಿ ಒಂದು ಮೀಟರ್ ಹೂಳು ಎಂದರೆ ಸುಮಾರು 4 ಲಕ್ಷ ಘನ ಮೀಟರ್. ಟಿಪ್ಪರ್ ಒಂದಕ್ಕೆ 10 ಘನ ಮೀಟರ್ ಹಿಡಿದರೆ 40,000 ಲೋಡು. ದಿನಕ್ಕೆ ನೂರು ಲೋಡು ಹೊರಟರೂ 400 ದಿನ. ಕೆರೆ ಅಂಗಳ ಒಣಗಿ ಜೆಸಿಬಿ ಇಳಿಯುವಂತಾಗುವುದು ಜನವರಿಯಿಂದ ಮೇ ತನಕ, ಬಹಳವೆಂದರೆ 150 ದಿನ. ಮಿಕ್ಕ 25,000 ಲೋಡು ಹೇಗೆ ಹೋಯಿತು ಎಂದು ಕೇಳಬಾರದು. ಹೂಳನ್ನು ಅಳೆಯಬೇಕಾದ ಕ್ರಮ ಹೀಗೆ: ನೀರು ಖಾಲಿ ಮಾಡಿ, ಕೆಲಸ ಶುರುವಾಗುವ ಮುಂಚೆ ಹತ್ತು ಮೀಟರಿಗೊಂದರಂತೆ ಲೆವೆಲ್, ಅಂದರೆ ನೆಲದ ಮಟ್ಟ, ತೆಗೆಯಬೇಕು, ಮುಗಿದ ಮೇಲೆ ಅದೇ ಜಾಗಗಳಲ್ಲಿ ಮತ್ತೆ ತೆಗೆಯಬೇಕು, ಎರಡರ ವ್ಯತ್ಯಾಸಕ್ಕೆ ಬಿಲ್ಲು. ಆಗುವುದೇನೆಂದರೆ, ಎರಡನೇ ಸಲ ಲೆವೆಲ್ ತೆಗೆಯುವ ವಾರವೇ ಮಳೆ ಶುರುವಾಗುತ್ತದೆ. ನೀರು ನಿಂತಿತೆಂದರೆ ಸಾಕ್ಷಿ ಮುಳುಗಿತು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಲ್ಲಿ ಕೈಯೂ ಬಾಯೂ ಒಬ್ಬನದೇ ಆಗಿರಬೇಕೆಂದು ಎಲ್ಲೂ ಹೇಳಿಲ್ಲ.

ಅಗೆದದ್ದು ನಿಜವೇ ಇರಲಿ, ಆಳ ಮಾಡಿದ ಮಾತ್ರಕ್ಕೆ ಒಂದು ಹನಿಯೂ ಹೆಚ್ಚು ಬರುವುದಿಲ್ಲ. ಪಾತ್ರೆ ದೊಡ್ಡದಾದರೆ ಹಸು ಹೆಚ್ಚು ಹಾಲು ಕೊಡುತ್ತದೆಯೇ?

ಇನ್ನು ಕೊಳಚೆ. ಕೆರೆಗೆ ಕೊಳಚೆ ಬಿಡಬೇಡಿ ಎಂದು, ಬೆಂಗಳೂರಿನ ಕೆರೆಗಳ ಬಗ್ಗೆ ಸರ್ಕಾರ ನೇಮಿಸಿದ್ದ ಎನ್. ಲಕ್ಷ್ಮಣ ರಾವ್ ಸಮಿತಿ 1980ರ ದಶಕದಲ್ಲೇ ಹೇಳಿತ್ತು. ಆ ಮಾತನ್ನು ಈಗ ಪಾಲಿಸುತ್ತಿರುವ ರೀತಿ ಇದು: ಕೆರೆಯ ಒಂದು ಮಗ್ಗುಲಲ್ಲಿ ಡೈವರ್ಷನ್ ಚಾನೆಲ್ ತೋಡಿ, ಒಳಬರುತ್ತಿದ್ದ ಕೊಳಚೆಯನ್ನು ಕೆರೆ ದಾಟಿಸಿ ಕೋಡಿಯ ಆಚೆ ಬಿಡುವುದು. ಮೇಲಿನ ಕೆರೆ ಪುನಶ್ಚೇತನವಾಯಿತು. ಕೊಳಚೆ ಕೆಳಗಿನ ಕೆರೆಗೆ ಹೋಯಿತು. ಅಲ್ಲಿಯವರೂ ಹೋರಾಡಿ ಚಾನೆಲ್ ತೋಡಿಸಿ ಅದರ ಕೆಳಗಿನದಕ್ಕೆ ಕಳಿಸಿದರು. ಕಸವನ್ನು ಪಕ್ಕದ ಮನೆ ಬಾಗಿಲಿಗೆ ಗುಡಿಸುವ ಕಲೆಯನ್ನು ಎಂಜಿನಿಯರಿಂಗ್ ಮಟ್ಟಕ್ಕೆ ಏರಿಸಿದ್ದೇವೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಹೀಗೆ ಎಲ್ಲರೂ ಗುಡಿಸಿದ್ದು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ. ಸೋಪಿನ ಪುಡಿಯ ಅಂಶ ತುಂಬಿದ ನೀರು ಕೋಡಿಯಿಂದ ಎತ್ತರಕ್ಕೆ ಧುಮುಕಿದರೆ ನೊರೆ ಏಳದೆ ಇನ್ನೇನಾಗುತ್ತದೆ. ಮಳೆ ಬಂದು ತಳದ ಕೆಸರು ಕದಡಿದರಂತೂ ಹಿಮಾಲಯ. ನೊರೆ ರಸ್ತೆಗೆ ಹಾರಿದಾಗ ನಾವು ಕಂಡುಕೊಂಡ ಪರಿಹಾರ ಜಾಲರಿ. ಸೋಪು ಮನೆಯಲ್ಲಿ ಬಳಸಿ, ನೊರೆಗೆ ಬೇಲಿ ಹಾಕಿದ ಊರು ಬಹುಶಃ ಇದೊಂದೇ.

ಚಾನೆಲ್ ತೋಡಿದ ಮೇಲೆ ಮೇಲಿನ ಕೆರೆಯ ಗತಿ ಏನಾಯಿತು? ಗಣಿತ ಕಷ್ಟದ್ದೇನಲ್ಲ. ಬಯಲು ನೀರಿನಿಂದ ದಿನಕ್ಕೆ 4ರಿಂದ 5 ಮಿ.ಮೀ. ಆವಿಯಾಗುತ್ತದೆ, ವರ್ಷಕ್ಕೆ 1,500 ಮಿ.ಮೀ.ಗೆ ಕಡಿಮೆಯಿಲ್ಲ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. ಅಂದರೆ ತನ್ನ ನೆತ್ತಿಯ ಮೇಲೆ ಬಿದ್ದ ಮಳೆಯನ್ನೇ ನಂಬಿದ ಕೆರೆ ಯಾವ ಕಾಲಕ್ಕೂ ತುಂಬಿರಲಾರದು. ನೂರು ಎಕರೆ ಕೆರೆಯಿಂದ ಬೇಸಿಗೆಯ ಒಂದು ದಿನಕ್ಕೆ 20 ಲಕ್ಷ ಲೀಟರ್ ಆಕಾಶಕ್ಕೆ ಹೋಗುತ್ತದೆ, ನೆಲಕ್ಕೆ ಇಂಗುವುದು ಬೇರೆ. ಸರಾಸರಿ ಒಂದೂವರೆ ಮೀಟರ್ ನೀರು ನಿಂತಿದ್ದರೆ ಮುನ್ನೂರು ದಿನದೊಳಗೆ ತಳ ಕಾಣಬೇಕು. ಉಳಿಸುವ ದಾರಿ ಒಂದೇ, ಜಲಾನಯನದ ಮಳೆನೀರು ಒಳಬರಬೇಕು. ಒಂದು ಚದರ ಕಿಲೋಮೀಟರ್ ಮೇಲೆ 50 ಮಿ.ಮೀ. ಮಳೆ ಬಿದ್ದು ಅದರಲ್ಲಿ ಅರ್ಧ ಹರಿದು ಬಂದರೂ ಎರಡೂವರೆ ಕೋಟಿ ಲೀಟರ್. ಅದನ್ನು ತರಬೇಕಾದದ್ದು ರಾಜಕಾಲುವೆ. ಅದರ ಮೇಲೆ ಸೈಟು, ಸೈಟಿನ ಮೇಲೆ ಮನೆ, ಮನೆಯ ಮೇಲೆ ‘ಕೆರೆ ಉಳಿಸಿ’ ಬ್ಯಾನರು. ಕಾಲುವೆ ಉಳಿದಿರುವ ಕಡೆ ಒಳಚರಂಡಿಯ ಮ್ಯಾನ್‌ಹೋಲುಗಳೂ ಅದರೊಳಗೇ ಉಕ್ಕುತ್ತವೆ. ಮಳೆನೀರನ್ನು ಬಿಟ್ಟುಕೊಂಡರೆ ಕೊಳಚೆ ಬರುತ್ತದೆ, ಕೊಳಚೆ ತಡೆದರೆ ಮಳೆನೀರೂ ಹೋಯಿತು. ಎರಡನ್ನು ಬೇರೆ ಮಾಡುವುದು ಮೇಲಿನ ಬೀದಿಗಳಲ್ಲಿ ಮನೆ ಮನೆಯ ಪೈಪು ಹಿಡಿದು ನಡೆಯಬೇಕಾದ ಕೆಲಸ. ಅಲ್ಲಿ ಕಮಾನು ಕಟ್ಟಲು ಬರುವುದಿಲ್ಲ.

ಕಮಾನು ಕಟ್ಟಲಾಗದಿದ್ದರೇನು, ಕಾರಂಜಿ ಹಾಕಬಹುದು. ನೀರಿಗೆ ಆಮ್ಲಜನಕ ಬೆರೆಸುತ್ತದೆ ಎಂದು ಕಾರಂಜಿಗೆ ವೈಜ್ಞಾನಿಕ ಸಮರ್ಥನೆಯೂ ಉಂಟು. 5 ಎಚ್‌ಪಿ ಮೋಟರು ಸಂಜೆ ಎರಡು ಗಂಟೆ ಓಡಿದರೆ ಏಳೂವರೆ ಯೂನಿಟ್ ಕರೆಂಟು. ಯೂನಿಟ್ಟಿಗೆ ಒಂದೂವರೆ ಕಿಲೋ ಆಮ್ಲಜನಕ ಎಂದು ಉದಾರವಾಗಿ ಹಿಡಿದರೆ ಹನ್ನೊಂದು ಕಿಲೋ. ಹತ್ತು ಲಕ್ಷ ಲೀಟರ್ ಹಸಿ ಕೊಳಚೆ ಕೇಳುವುದು ಕನಿಷ್ಠ 200 ಕಿಲೋ. ಕೆರೆಯಲ್ಲಿ ಉಸಿರು ಕಟ್ಟುವುದು ರಾತ್ರಿ, ಪಾಚಿ ಆಮ್ಲಜನಕ ಮಾಡುವುದನ್ನು ಬಿಟ್ಟು ತಾನೇ ಹೀರತೊಡಗಿದ ಮೇಲೆ. ಮೀನು ಸಾಯುವುದು ಬೆಳಗಿನ ಜಾವ. ಕಾರಂಜಿ ಓಡುವುದು ಸಂಜೆ 6ರಿಂದ 8, ಬಣ್ಣದ ದೀಪದ ಸಮೇತ. ಮೀನುಗಳು ಆ ಹೊತ್ತಿಗೆ ಬಂದು ಉಸಿರಾಡಿಕೊಂಡು ಹೋಗಬೇಕೆಂದು ಫಲಕ ಹಾಕಿದರೆ ಒಳ್ಳೆಯದು.

ನೀರಿನ ಗುಣಮಟ್ಟಕ್ಕೆ ‘ಎ’ಯಿಂದ ‘ಇ’ವರೆಗೆ ದರ್ಜೆಗಳಿವೆ. ‘ಡಿ’ ಎಂದರೆ ಮೀನು ಬದುಕಬಹುದು. ‘ಇ’ ಎಂದರೆ ನೀರಾವರಿಗೆ, ಕಾರ್ಖಾನೆಯ ಯಂತ್ರ ತಣ್ಣಗಾಗಿಸಲು ಆದೀತು. ನಮ್ಮ ಕೆರೆಗಳು ಹೆಚ್ಚಾಗಿ ಈ ಕಡೆಯ ಬೆಂಚಿನ ವಿದ್ಯಾರ್ಥಿಗಳು. ಬೆಳ್ಳಂದೂರು ಮಾತ್ರ ದರ್ಜೆಯನ್ನೇ ಮೀರಿತು. 2018ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿದ್ದು, ಸಾವಿರಾರು ಸೈನಿಕರು ನಿಂತು ನಂದಿಸಬೇಕಾಯಿತು. ತಣ್ಣಗಾಗಿಸುವ ದರ್ಜೆಯ ನೀರನ್ನೇ ತಣ್ಣಗಾಗಿಸಲು ಬೇರೆ ನೀರು ತರಿಸಿದ್ದು ವಿಜ್ಞಾನಕ್ಕೆ ನಮ್ಮ ಕೊಡುಗೆ.

ಹೊಣೆ ಯಾರದು ಎಂದು ಕೇಳುವವರು ನಿಯಮ ಓದಿದವರಲ್ಲ. ಕೆರೆಯ ಜಮೀನು ಕಂದಾಯ ಇಲಾಖೆಯದು. ಏರಿ, ಬೇಲಿ ಪಾಲಿಕೆಯದು. ಪಾಲಿಕೆಯೇ ಈಗ ಐದಾಗಿರುವುದರಿಂದ ಏರಿ ಎಲ್ಲಿ ಯಾರಿಗೆ ಮುಗಿಯುತ್ತದೆ ಎಂದು ನಕ್ಷೆ ನೋಡಬೇಕು. ರಾಜಕಾಲುವೆಗೆ ಬೇರೆ ವಿಭಾಗ. ಕೊಳಚೆ ಜಲಮಂಡಳಿಯದು. ಕೊಳಚೆ ಎಷ್ಟು ಕೊಳಕು ಎಂದು ಹೇಳುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಮೀನು ಬದುಕಿದ್ದರೆ ಮೀನುಗಾರಿಕೆ ಇಲಾಖೆಯದು, ಸತ್ತು ತೇಲಿದರೆ ಘನತ್ಯಾಜ್ಯ. ಇಷ್ಟೆಲ್ಲದರ ಮೇಲೆ ಒಂದು ಕೆರೆ ಪ್ರಾಧಿಕಾರ. ಜೊಂಡು ಮತ್ತು ಅಂತರಗಂಗೆ ಮಾತ್ರ ಯಾವ ಇಲಾಖೆಯನ್ನೂ ಕೇಳದೆ ತಮ್ಮ ಕೆಲಸ ತಾವು ಮಾಡುತ್ತಿವೆ.

ಕೆರೆಯಂಚಿನಿಂದ ಎಷ್ಟು ದೂರ ಕಟ್ಟಬಾರದು ಎಂಬ ವಾದದ ಚರಿತ್ರೆ ಇನ್ನೂ ಸೊಗಸು. ನಗರದ ಮಾಸ್ಟರ್ ಪ್ಲಾನಿನಲ್ಲಿ 30 ಮೀಟರ್ ಇತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ 75 ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು, ಮತ್ತೆ 30. 2025ರಲ್ಲಿ, ಕೆರೆಯ ವಿಸ್ತೀರ್ಣ ನೋಡಿ ಮೀಸಲು ಅಳೆಯುವ ಮಸೂದೆ ಬಂತು: ಕೆರೆ ಸಣ್ಣದಾದಷ್ಟೂ ಬಿಡಬೇಕಾದ ಜಾಗ ಕಡಿಮೆ. ಇದರಲ್ಲಿರುವ ಪ್ರೋತ್ಸಾಹವನ್ನು ಗಮನಿಸಬೇಕು. ಮೊದಲು ಒಂದಿಷ್ಟು ಒತ್ತುವರಿ ಮಾಡಿದರೆ ಕೆರೆ ಸಣ್ಣದಾಗುತ್ತದೆ. ಕೆರೆ ಸಣ್ಣದಾದರೆ ಮೀಸಲು ಸಣ್ಣದಾಗುತ್ತದೆ. ಆಗ ಮೊದಲು ಕಟ್ಟಿದ ಮನೆ ಮೀಸಲಿನ ಆಚೆ ಬಂದು ಕಾನೂನುಬದ್ಧ. ಬಡ್ಡಿಗೆ ಚಕ್ರಬಡ್ಡಿ.

ಚೆನ್ನಾಗಿ ಆದ ಕೆಲಸವೇ ಇಲ್ಲವೆಂದರೆ ಸುಳ್ಳಾದೀತು. ಜಕ್ಕೂರು ಕೆರೆಯಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಶುರುವಾದ ಶುದ್ಧೀಕರಣ ಘಟಕವಿದೆ. ಅಲ್ಲಿಂದ ಹೊರಟ ನೀರು ನೇರವಾಗಿ ಕೆರೆಗೆ ಬೀಳದೆ ಜೊಂಡು ಬೆಳೆದ ಜೌಗಿನಲ್ಲಿ ತೆವಳಿ, ಉಳಿದ ಸಾರಜನಕ, ರಂಜಕವನ್ನು ಬೇರುಗಳಿಗೆ ಕೊಟ್ಟು, ಆಮೇಲೆ ಒಳಗೆ ಹೋಗುವಂತೆ ಮಾಡಿದ್ದಾರೆ. ಆವಿಯಾದದ್ದಕ್ಕೆ ಬದಲಿ ನೀರೂ ಬಂತು, ನೊರೆಯೂ ಇಲ್ಲ. ಹಾಗಾದರೆ ಎಲ್ಲ ಕಡೆ ಯಾಕೆ ಮಾಡುವುದಿಲ್ಲ? ಜೌಗಿನ ಕಷ್ಟವೆಂದರೆ ಅದು ಪಾಳುಬಿದ್ದ ಜಾಗದ ಹಾಗೆ ಕಾಣುತ್ತದೆ. ರಿಬ್ಬನ್ ಕತ್ತರಿಸಲು ಎಲ್ಲಿ ಕಟ್ಟುವುದು? ಮಾಡಿದರೂ ಆರನೇ ತಿಂಗಳಿಗೆ, ‘ಹಾವು ಸೇರಿಕೊಳ್ಳುತ್ತದೆ, ಜೊಂಡು ಕೀಳಿಸಿ’ ಎಂದು ನಲವತ್ತು ಸಹಿಯ ಅರ್ಜಿ ಬರುತ್ತದೆ. ಸಹಿ ಹಾಕಿದವರೆಲ್ಲ ಕೆರೆ ಉಳಿಸುವವರೇ.

ನಿಜ ಹೇಳಬೇಕೆಂದರೆ, ಈ ಊರಿನಲ್ಲಿ ಅಚ್ಚುಕಟ್ಟಾಗಿ ನಿರ್ವಹಣೆಯಾಗುತ್ತಿರುವ ಕೆರೆಗಳು ನೀರಿಲ್ಲದವು. ಧರ್ಮಾಂಬುಧಿ ಕೆರೆಯಲ್ಲಿ ಬಸ್ಸುಗಳು ನಿಮಿಷ ತಪ್ಪದೆ ಹೊರಡುತ್ತವೆ, ಮೆಜೆಸ್ಟಿಕ್ ಎನ್ನುತ್ತಾರೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ; ಕರಗಕ್ಕೆಂದು ಒಂದು ಹೊಂಡದಷ್ಟು ನೀರು ಉಳಿಸಿಕೊಂಡಿದ್ದಾರೆ, ಸ್ಯಾಂಪಲ್ಲಿಗೆ. ಶೂಲೆ ಕೆರೆಯಲ್ಲಿ ಫುಟ್ಬಾಲು, ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ, ಚಲ್ಲಘಟ್ಟ ಕೆರೆಯಲ್ಲಿ ಗಾಲ್ಫು. ಏಷ್ಯಾದಲ್ಲಿ ಇಷ್ಟು ಕ್ರೀಡಾಪ್ರೇಮಿ ಕೆರೆಗಳು ಬೇರೆಲ್ಲೂ ಇರಲಾರವು.

ಹೊಸದಾಗಿ ಪುನಶ್ಚೇತನಗೊಂಡ ಕೆರೆಯ ಬೇಲಿಗೆ ಹಳದಿ ಫಲಕವೊಂದನ್ನು ತೂಗುಹಾಕಿರುತ್ತಾರೆ: ‘ಎಚ್ಚರಿಕೆ. ಕೆರೆ ಆಳವಾಗಿದೆ. ನೀರಿಗೆ ಇಳಿಯಬಾರದು, ಈಜಬಾರದು.’ ಏಪ್ರಿಲ್ ತಿಂಗಳಲ್ಲಿ ಅದರ ಕೆಳಗೆ, ಬಿರುಕು ಬಿಟ್ಟ ಅಂಗಳದಲ್ಲಿ, ಹುಡುಗರು ಮೂರು ಕಡೆ ವಿಕೆಟ್ ನೆಟ್ಟಿರುತ್ತಾರೆ. ರಿಂಗ್ ಬಂಡಿನ ಮೇಲಿನ ಕಲ್ಲು ಬೆಂಚುಗಳು ಗ್ಯಾಲರಿಯಂತೆ ಒದಗಿವೆ. ಚೆಂಡು ಹೊರಗೆ ಹೋಗದಂತೆ ಬೇಲಿಯೂ ಇದೆ. ಮುಂದಿನ ಸಭೆಯಲ್ಲಿ ಅವರದೊಂದು ಅರ್ಜಿ ಬರಲಿದೆ, ಫ್ಲಡ್‌ಲೈಟಿಗೆ.