ಅಂತೆ ಉದುರಿದ ಕಥೆಗಳು

ಗದಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಒದ್ದೆ ಬಟ್ಟೆಯಲ್ಲಿ ಕೂತು, ಅದು ಆರುವ ತನಕ ಮಾತ್ರ ಭಾರತ ಬರೆಯುತ್ತಿದ್ದನಂತೆ. ಈ ವಾಕ್ಯವನ್ನು ಇಂಗ್ಲಿಷಿಗೆ ತರಹೊರಟರೆ ಬಟ್ಟೆ, ಗುಡಿ ಎಲ್ಲ ದಾಟುತ್ತವೆ, ಕೊನೆಯ ‘ಅಂತೆ’ ಮಾತ್ರ ಈಚೆ ದಡದಲ್ಲೇ ಉಳಿಯುತ್ತದೆ. ಕೇಳಿದ್ದು, ಕಂಡದ್ದಲ್ಲ ಎನ್ನುವುದಕ್ಕೆ ನಮಗೆ ಎರಡಕ್ಷರ ಸಾಕು. ಇಂಗ್ಲಿಷ್ ಕ್ರಿಯಾಪದಕ್ಕೆ ಇಂಥ ಬಾಲವಿಲ್ಲ. ಹಾಗಾಗಿ ಕಥೆಯ ಮುಂದೊಂದು ಘನವಾದ ವಿಶೇಷಣವನ್ನು ಕಾವಲಿಗೆ ನಿಲ್ಲಿಸುತ್ತಾರೆ: ಅಪಾಕ್ರಿಫಲ್. ಒತ್ತು ‘ಪಾ’ದ ಮೇಲೆ.

ಗ್ರೀಕಿನಿಂದ ಬಂದ ಈ ಪದದ ಮೂಲಾರ್ಥ ‘ಬಚ್ಚಿಟ್ಟದ್ದು’. ಗುಪ್ತಲಿಪಿಯ ಕ್ರಿಪ್ಟೋಗ್ರಫಿ, 1898ರಲ್ಲಿ ಪತ್ತೆಯಾದ ಕ್ರಿಪ್ಟಾನ್ ಅನಿಲ, ಎಲ್ಲ ಇದೇ ಬಳಗ. ಬಚ್ಚಿಟ್ಟದ್ದು ನಂಬಲಾಗದ್ದಾದದ್ದು ಬೈಬಲಿನ ದೆಸೆಯಿಂದ. ನಾಲ್ಕನೆಯ ಶತಮಾನದ ಕೊನೆಗೆ ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್, ಹೀಬ್ರೂ ಪಟ್ಟಿಯಲ್ಲಿಲ್ಲದ ಗ್ರಂಥಗಳಿಗೆ ಅಪಾಕ್ರಿಫ ಎಂದ. ಪ್ರೊಟೆಸ್ಟೆಂಟ್ ಪಂಥದ ಮೂಲಪುರುಷ ಲೂಥರನ 1534ರ ಜರ್ಮನ್ ಬೈಬಲ್ ಅವನ್ನು ಬಿಸಾಡಲಿಲ್ಲ. ಶಾಸ್ತ್ರಕ್ಕೆ ಸಮನಲ್ಲ, ಓದಿದರೆ ಒಳ್ಳೆಯದೇ ಎಂದು ಹಳೆಯ, ಹೊಸ ಒಡಂಬಡಿಕೆಗಳ ನಡುವೆ ಇಟ್ಟಿತು. ಒಂದೇ ಪಂಕ್ತಿ, ಬೇರೆ ಎಲೆ! ಕ್ಯಾಥೊಲಿಕರಿಗೆ ಅವುಗಳಲ್ಲಿ ಹೆಚ್ಚಿನವು ಇಂದಿಗೂ ಶಾಸ್ತ್ರವೇ.

ಆದ್ದರಿಂದ ಅಪಾಕ್ರಿಫಲ್ ಎಂದರೆ ಸುಳ್ಳು ಎಂದು ಅನುವಾದಿಸುವುದು ಅವಸರದ ಕೆಲಸ. ‘ಕಟ್ಟುಕಥೆ’ಯೂ ಖಾರ ಹೆಚ್ಚಾಯಿತು. ನಿಜವಿರಬಹುದು, ಸಾಕ್ಷಿ ಸಾಲದು, ಆದರೂ ಬಾಯಿಂದ ಬಾಯಿಗೆ ಓಡುತ್ತಿದೆ; ಇಷ್ಟೂ ಅದರಲ್ಲಿದೆ. ನ್ಯೂಟನ್ನನ ಸೇಬನ್ನೇ ನೋಡಿ. ಹಣ್ಣು ಬಿದ್ದದ್ದನ್ನು ಮುದುಕ ನ್ಯೂಟನ್ನನೇ 1726ರ ಏಪ್ರಿಲ್ 15ರಂದು, ಊಟವಾದ ಮೇಲೆ ಸೇಬಿನ ಮರದ ನೆರಳಲ್ಲಿ ಚಹಾ ಕುಡಿಯುತ್ತ ಗೆಳೆಯ ಸ್ಟಕ್ಲಿಗೆ ಹೇಳಿದ್ದ. ಸ್ಟಕ್ಲಿ ಅದನ್ನು ಬರೆದಿಟ್ಟ. ತಲೆಯ ಮೇಲೆ ಬಿದ್ದದ್ದು ಮಾತ್ರ ನಂತರದವರ ಕೈವಾಡ.

ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್ ಹುಡುಗನಾಗಿದ್ದಾಗ ಅಪ್ಪನ ಚೆರ್ರಿ ಮರ ಕಡಿದು, ಸುಳ್ಳಾಡದೆ ಒಪ್ಪಿಕೊಂಡನೆಂಬ ಕಥೆಗೆ ಅಷ್ಟೂ ಆಧಾರವಿಲ್ಲ. ಆತ ಸತ್ತದ್ದು 1799ರಲ್ಲಿ. ವೀಮ್ಸ್ ಎಂಬ ಪಾದ್ರಿ ಬರೆದ ಜೀವನಚರಿತ್ರೆಯೊಳಗೆ ಮರ ಚಿಗುರಿದ್ದು 1806ರ ಐದನೆಯ ಮುದ್ರಣದಲ್ಲಿ. ಹೇಳಿದವರು ಯಾರು? ದೂರದ ನೆಂಟಳಾದ ಒಬ್ಬ ಮುದುಕಿಯಂತೆ! ತಮಾಷೆಯೆಂದರೆ ವೀಮ್ಸನ ಹುಡುಗ ಕೊಡಲಿಯಿಂದ ತೊಗಟೆಯನ್ನಷ್ಟೇ ಕೆತ್ತಿದ್ದ. ಮರವನ್ನು ಉರುಳಿಸಿದವರು ಕಥೆ ಹೇಳುತ್ತ ಬಂದವರು.

ಇಂಥ ಕಥೆ ಕೆಡುವುದು ‘ಅಂತೆ’ ಉದುರಿದಾಗ. ಮೊದಲನೆಯವನು ‘ಬಂದಿದ್ದನಂತೆ’ ಎನ್ನುತ್ತಾನೆ, ಮೂರನೆಯವನು ‘ಬಂದಿದ್ದ’ ಎನ್ನುತ್ತಾನೆ, ಐದನೆಯವನು ಇಸವಿಯನ್ನೂ ಸೇರಿಸುತ್ತಾನೆ. ಪರೀಕ್ಷೆಗೆ ಹೆಚ್ಚಿನ ವಿದ್ವತ್ತೇನೂ ಬೇಡ. ಘಟನೆ ಯಾವಾಗ, ಮೊದಲು ಬರೆದದ್ದು ಯಾವಾಗ, ಬರೆದವನಿಗೆ ಹೇಳಿದವರು ಯಾರು ಎಂದು ಕೇಳಿದರೆ ಅರ್ಧ ಕಥೆಗಳು ತೊದಲುತ್ತವೆ.

ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಬಡಿಸಿದ್ದರಿಂದ ಊರು ಬೆಂದಕಾಳೂರಾಗಿ, ಬೆಂಗಳೂರಾಯಿತು ಎನ್ನುತ್ತಾರೆ. ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ನಾಗೇಶ್ವರ ಗುಡಿಯ ಶಾಸನವೋ ಸುಮಾರು 890ರದು, ಅದರಲ್ಲಾಗಲೇ ಬೆಂಗಳೂರಿನ ಕಾಳಗದ ಮಾತಿದೆ. ಅಜ್ಜಿ ಕಾಳು ಬೇಯಿಸಿರಲೂಬಹುದು. ಬೇಯಿಸಿದ್ದರೆ, ಬೆಂಗಳೂರಿನಲ್ಲೇ.