ಅಜ್ಜನ ಗೇಣಿ ಗದ್ದೆ, ಅಪ್ಪನ 11 ಗುಂಟೆ

ಮೊನ್ನೆ ಅಂಕೋಲಾದಲ್ಲಿ ಚಾ ಕುಡಿಯುತ್ತಿದ್ದಾಗ ಪರಿಚಯದವರೊಬ್ಬರು ಜೋರಾಗಿ ಹೇಳುತ್ತಿದ್ದರು: "ಆಸ್ತಿ ಹಕ್ಕನ್ನ ಮೂಲಭೂತ ಹಕ್ಕಿನಿಂದ ತೆಗೆದದ್ದೇ ದೊಡ್ಡ ತಪ್ಪು." ನಾನು ಸುಮ್ನೆ ತಲೆಯಾಡಿಸಿದೆ. ಮನೆ ಮುಟ್ಟುವಷ್ಟರಲ್ಲಿ ನಾಚಿಕೆಯಾಯಿತು. ಆ ಹಕ್ಕು ಮೊದಲಿನಿಂದಲೂ ಅಲುಗದೆ ನಿಂತಿದ್ದರೆ ನಮಗೆ ಗದ್ದೆಯೇ ಬರುತ್ತಿರಲಿಲ್ಲ.

ನಮ್ಮ ಅಜ್ಜ ಗೇಣಿ ಒಕ್ಕಲು. ಕೊಯ್ಲಾದ ಮೇಲೆ ಒಳ್ಳೆ ಭತ್ತವನ್ನೆಲ್ಲ ಅಳೆದು ಒಡೆಯರ ಅಂಗಳಕ್ಕೆ ಹೊತ್ತು ಹಾಕಬೇಕಿತ್ತು. ಉಳಿದದ್ದರಲ್ಲಿ ಮಳೆಗಾಲ ಕಳೆಯಬೇಕು. 1974ರಲ್ಲಿ ಭೂಸುಧಾರಣೆ ಕಾನೂನಿನ ತಿದ್ದುಪಡಿ ಬಂದಾಗ, ಉಳುವ ಗದ್ದೆ ತಮಗೇ ಸಿಗಲೆಂದು 7ನೇ ನಂಬರ್ ಫಾರ್ಮು ತುಂಬಿ ಕೊಟ್ಟರು. ಟ್ರಿಬ್ಯುನಲ್ ಮುಂದೆ ಒಡೆಯರ ಎದುರೇ ನಿಂತು "ಉಳುವವ ನಾನು" ಅನ್ನಲು ಅಜ್ಜನಿಗೆ ಬಾಯಿ ಬರಲಿಲ್ಲವಂತೆ. ಪಕ್ಕದ ಗದ್ದೆಯವರು ಸಾಕ್ಷಿ ಹೇಳಿ ಕಾಪಾಡಿದರು.

ಸಂವಿಧಾನ ಸಭೆಯಲ್ಲೂ ಈ ವಿಷಯಕ್ಕೆ ದೊಡ್ಡ ಜಟಾಪಟಿಯೇ ನಡೆದಿತ್ತು. 1949ರ ಸೆಪ್ಟೆಂಬರ್ 10ರಂದು ಆಸ್ತಿಯ ವಿಧಿಯನ್ನು ನೆಹರೂ ಅವರೇ ಮಂಡಿಸಿದರು. ನ್ಯಾಯಾಲಯ ಸಂಸತ್ತಿನ ಮೇಲೆ ಕೂರುವ ಮೂರನೇ ಸದನ ಆಗಬಾರದು ಎನ್ನುವುದು ಅವರ ವಾದ. ಜಮೀನ್ದಾರಿ ಹೋಗಬೇಕಿತ್ತು, ಅದಕ್ಕೆ ಕೋರ್ಟು ಅಡ್ಡ ಬರಬಾರದಿತ್ತು. ಒಳಗಿನ ಕಥೆಯನ್ನು ಅಂಬೇಡ್ಕರ್ 1955ರಲ್ಲಿ ರಾಜ್ಯಸಭೆಯಲ್ಲಿ ಬಿಚ್ಚಿಟ್ಟರು. ಪಟೇಲರಿಗೆ ಮಾರುಕಟ್ಟೆ ಬೆಲೆ, ಅದರ ಮೇಲೆ ಶೇ. 15 ಬೇಕಿತ್ತು. ನೆಹರೂಗೆ ಪರಿಹಾರವೇ ಬೇಡವಾಗಿತ್ತು. ಆಗ ಉತ್ತರ ಪ್ರದೇಶದ ಸರ್ಕಾರ ನಡೆಸುತ್ತಿದ್ದ ಗೋವಿಂದ ವಲ್ಲಭ ಪಂತರಿಗೆ ತಮ್ಮ ಜಮೀನ್ದಾರಿ ರದ್ದತಿ ಕಾನೂನೆಂಬ ಕೂಸು ಸುಸೂತ್ರ ಹುಟ್ಟಿದರೆ ಸಾಕಿತ್ತು. ಮೂವರ ಎಳೆದಾಟದಲ್ಲಿ ಹುಟ್ಟಿದ ಆಸ್ತಿಯ 31ನೇ ವಿಧಿಗೆ ತಾವಾಗಲಿ ತಮ್ಮ ಕರಡು ಸಮಿತಿಯಾಗಲಿ ಹೊಣೆಯಲ್ಲ, ಅದರ ಮುಖ ನೋಡಲೂ ಮನಸ್ಸಿಲ್ಲ ಎಂಬರ್ಥದಲ್ಲಿ ಮಾತಾಡಿದರು ಅಂಬೇಡ್ಕರ್. ಸಂವಿಧಾನ ಅಂದರೆ ಎಲ್ಲರೂ ಒಂದೇ ಮನಸ್ಸಿನಿಂದ ಬರೆದದ್ದು ಅಂದುಕೊಂಡವರು ಆ ಭಾಷಣ ಓದಬೇಕು.

ಮುಂದೆ ಆದದ್ದೂ ಹಾಗೇ. ಬಿಹಾರದ ಜಮೀನ್ದಾರಿ ಕಾನೂನನ್ನು ಪಟ್ನಾ ಹೈಕೋರ್ಟು ಹೊಡೆದು ಹಾಕಿತು. 1951ರಲ್ಲೇ ಮೊದಲ ತಿದ್ದುಪಡಿ ಬಂತು, ಕೋರ್ಟು ಕೈ ಹಾಕದಂತೆ ಭೂಸುಧಾರಣೆಗೆ ಬೇಲಿ ಸಿಕ್ಕಿತು. ಆ ಬೇಲಿಯ ಒಳಗೇ ನಮ್ಮ ಅಜ್ಜನ ಪಹಣಿ ಹುಟ್ಟಿದ್ದು. 1955ರಲ್ಲಿ ಪರಿಹಾರ ಸಾಕೋ ಸಾಲದೋ ಎಂದು ಕೋರ್ಟು ಕೇಳುವ ಹಾಗಿಲ್ಲ ಎಂದಾಯಿತು. 1978ರ 44ನೇ ತಿದ್ದುಪಡಿಯಲ್ಲಿ ಆಸ್ತಿ ಮೂಲಭೂತ ಹಕ್ಕೇ ಅಲ್ಲದೆ 300ಎ ವಿಧಿಗೆ ಇಳಿಯಿತು. ಕಾನೂನಿನ ಪ್ರಕಾರವೇ ಕಿತ್ತುಕೊಳ್ಳಬೇಕು ಎಂಬ ಮಾತಷ್ಟೇ ಆ ವಿಧಿಯಲ್ಲಿ ಉಳಿಯಿತು.

ಆಮೇಲೆ ನಮ್ಮ ಸರದಿ ಬಂತು. ಹೆದ್ದಾರಿ ಅಗಲ ಮಾಡಲು ಅಪ್ಪನ 11 ಗುಂಟೆ ಹೋಯಿತು. ಅಳೆಯಲು ಬಂದವರು ಹಿತ್ತಲಿನ ತೆಂಗಿನ ಮರಗಳಿಗೆಲ್ಲ ಕೆಂಪು ಬಣ್ಣದಲ್ಲಿ ನಂಬರು ಬರೆದರು. 17 ಮರ. ಪರಿಹಾರದ ಪಟ್ಟಿ ಬಂದಾಗ 13. ಉಳಿದ ನಾಲ್ಕು ಎಲ್ಲಿ ಅಂತ ಕೇಳಿದರೆ ಕಚೇರಿಯ ಮೇಜಿನ ಆಚೆಯವರು ತಲೆಯೆತ್ತದೆ "ಅರ್ಜಿ ಕೊಡಿ" ಅಂದರು. ಕೊಟ್ಟೆವು. ಅರ್ಜಿಗಳ ಝೆರಾಕ್ಸ್‌ಗೇ ಒಂದು ಮರದ ದುಡ್ಡು ಹೋಗಿರಬಹುದು. "ಕೊಟ್ಟದ್ದೂ ಸರ್ಕಾರ, ತಕಂಡದ್ದೂ ಸರ್ಕಾರ" ಅಂದ ಅಪ್ಪ ಆಮೇಲೆ ಆ ಮಾತೇ ಎತ್ತಲಿಲ್ಲ.

ಹಾಗಾಗಿ ನನಗೆ ನೆಹರೂನೂ ಬೇಕು, ಪಟೇಲರೂ ಬೇಕು. ಅನುಕೂಲಸಿಂಧು ಅನ್ನಿ ಬೇಕಾದರೆ. ಗೇಣಿ ಎಣಿಸುತ್ತಾ ಕೂತವನ ಭೂಮಿಯೂ, ಅದೇ ಗೇಣಿ ಹೊತ್ತವನ ಮಗನ 11 ಗುಂಟೆಯೂ ಒಂದೇ ತೂಕದ ಆಸ್ತಿ ಅಲ್ಲ, ಅಲ್ವಾ? 1949ರ ಆ ವಿಧಿ ಇಬ್ಬರಿಗೂ ಒಂದೇ ಹೆಸರಿಟ್ಟಿತು. ಜಮೀನ್ದಾರನನ್ನು ಇಳಿಸಲು ಸಡಿಲಿಸಿದ ಗಂಟಿನಿಂದಲೇ ಸಣ್ಣವನ ಹಿಡಿತವೂ ತಪ್ಪಿತು. ದೊಡ್ಡವರಿಗೆ ವಕೀಲರಿದ್ದರು. ಆಸ್ತಿಯನ್ನು ಮತ್ತೆ ಮೂಲಭೂತ ಹಕ್ಕು ಮಾಡಿ ಅನ್ನುವವರ ಜೊತೆ ನಾನಿಲ್ಲ. ಆದರೆ ಸ್ವಂತ ದುಡಿದು ತಿನ್ನುವವನ ತುಂಡು ನೆಲಕ್ಕೆ, ಇರುವ ಮನೆಗೆ ಮಾತ್ರ ಆ ಹಕ್ಕು ಉಳಿಸಬಹುದಿತ್ತು.

ಪಟ್ಟಿಯಲ್ಲಿಲ್ಲದ ನಾಲ್ಕರಲ್ಲಿ ಮೂರನ್ನು ಕಡಿದರು. 17ನೇ ನಂಬರಿನದು ರಸ್ತೆಯ ಅಂಚಿಗೆ ಇನ್ನೂ ನಿಂತಿದೆ. ಬಣ್ಣ ಮಾಸಿದೆ, ಕಾಯಿ ಬಿಡುತ್ತಿದೆ. ಇಳಿಸಿಕೊಳ್ಳಬಹುದಾ ಅಂತ ಯಾರನ್ನು ಕೇಳಬೇಕೋ ಗೊತ್ತಿಲ್ಲದೆ ಅಪ್ಪ ಬಿದ್ದದ್ದನ್ನು ಮಾತ್ರ ಹೆಕ್ಕಿಕೊಂಡು ಬರುತ್ತಾನೆ.